ಕೆಂಪು ಗುಳಿಗೆ, ಎಮ್ಮೆ ಹಾಲು

ನನಗೆ ಸಂತೋಷವಾದರೆ ಸುಮ್ಮನಿರಲು ಬರುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಅತ್ತೆ ಬೆಳಿಗ್ಗೆ ಕೈ ಹಿಡಿದು ಹೇಳಿದ್ದರು. ಸಂಜೆಯೊಳಗೆ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಅರ್ಧ ಜನಕ್ಕೆ ನಾನೇ ಹೇಳಿಬಿಟ್ಟಿದ್ದೆ. ಉಳಿದ ಅರ್ಧಕ್ಕೆ ನನ್ನ ಗಂಡ ಹೇಳಿದ್ದರು. ಅವರು ಹೊಸಪೇಟೆಯಿಂದ ಹಂಪಿಗೆ ಆಟೊ ಓಡಿಸುವವರು. ಅಂದು ಹತ್ತಿದ ಪ್ರವಾಸಿಗರಿಗೆಲ್ಲ, ಭಾಷೆ ಬರಲಿ ಬಿಡಲಿ, ತಾವು ಅಪ್ಪನಾಗುವ ಸುದ್ದಿ ಮುಟ್ಟಿಸಿದ್ದರಂತೆ.

ನಮ್ಮ ಈ ಆತುರಕ್ಕೆ ಕಾರಣವಿತ್ತು. ಮದುವೆಯಾಗಿ ಆರು ವರ್ಷವಾಗಿತ್ತು. ನಾನು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು. ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ರವಿಕೆ, ಹಸಿರು ಬಳೆ ತಂದು ಉಡಿ ತುಂಬುತ್ತಾರೆ. ಅದಕ್ಕೆ ಕುಬಸ ಎನ್ನುತ್ತಾರೆ. ಆರು ವರ್ಷ ನಾನು ಊರವರ ಕುಬಸದ ರವಿಕೆ ಹೊಲಿದಿದ್ದೇನೆ. ಬಸುರಿಯ ಮೈ ತಿಂಗಳಿಂದ ತಿಂಗಳಿಗೆ ತುಂಬುತ್ತದೆ, ಅದಕ್ಕಾಗಿ ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಹೆಚ್ಚಿಗೆ ಬಿಡಬೇಕು. ಹಾಗೆ ಬಿಡುವಾಗಲೆಲ್ಲ ನನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೀಗಾಗಿ ದವಾಖಾನೆಯಲ್ಲಿ ಮೊದಲ ಸಲ ಗುಳಿಗೆ ಕೊಟ್ಟಾಗ ನಾನು ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಇಸಿದುಕೊಂಡೆ. ಫೋಲಿಕ್ ಆಸಿಡ್ ಎಂಬ ಹಳದಿ ಗುಳಿಗೆ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಕೂಸಿನ ಮಿದುಳು, ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲಿ ಎಂದು ಮೊದಲ ತಿಂಗಳುಗಳಲ್ಲಿ ಕೊಡುತ್ತಾರೆ. ಇಷ್ಟು ಸಣ್ಣದರಲ್ಲಿ ಅಷ್ಟು ದೊಡ್ಡ ಕೆಲಸವೇ ಎಂದು ನನಗೆ ಮೈ ಜುಮ್ಮೆಂದಿತು. ಬೆಳಿಗ್ಗೆ ಎದ್ದರೆ ವಾಂತಿ, ಒಗ್ಗರಣೆ ಘಾಟಿಗೆ ವಾಂತಿ, ಗಂಡನ ಆಟೊದ ಹೊಗೆಗೆ ವಾಂತಿ. ಆದರೂ ಆ ಹಳದಿ ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ನುಂಗಿದ ಮೇಲೆ ಹೊಟ್ಟೆ ಮುಟ್ಟಿ, "ಬಂತಾ? ಮುಟ್ಟಿತಾ?" ಎಂದು ಕೇಳುತ್ತಿದ್ದೆ. ಗಂಡ ನಗುತ್ತಿದ್ದರು.

ನಾಲ್ಕನೇ ತಿಂಗಳಿಗೆ ಕೆಂಪು ಗುಳಿಗೆ ಬಂತು. ರಕ್ತಕ್ಕೆ ಕಬ್ಬಿಣದ ಅಂಶ ಕೊಡುವ ಗುಳಿಗೆ. ಅದನ್ನು ನುಂಗಿದರೆ ತುಕ್ಕು ಹಿಡಿದ ಕೊಡದ ನೀರು ಕುಡಿದಂಥ ರುಚಿ ನಾಲಿಗೆಯ ಮೇಲೆ ಉಳಿಯುತ್ತಿತ್ತು. ನನಗೆ ಅದೂ ಖುಷಿಯೇ. ಕಷ್ಟ ಶುರುವಾದದ್ದು ಅತ್ತೆಗೆ.

ಅತ್ತೆಯ ಲೆಕ್ಕದಲ್ಲಿ ಜಗತ್ತಿನ ಎಲ್ಲ ವಸ್ತುಗಳೂ ಎರಡೇ ಜಾತಿ: ಉಷ್ಣ, ತಂಪು. ಬದನೆಕಾಯಿ ಉಷ್ಣ, ಹೆಸರುಬೇಳೆ ತಂಪು. ಆಟೊದ ಸೀಟು ಉಷ್ಣ, ಮನೆಯ ಕಡಪಾ ಕಲ್ಲಿನ ನೆಲ ತಂಪು. ಕೆಂಪು ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ್ದೇ, "ಇದು ಭಾಳ ಉಷ್ಣ" ಎಂದು ತೀರ್ಪು ಕೊಟ್ಟರು. ಮೇಲೆ ಇನ್ನೊಂದು ಆರೋಪವೂ ಇತ್ತು.

"ಈ ಗುಳಿಗಿ ತಿಂದ್ರ ಕೂಸು ಕರಗ ಹುಟ್ಟತೈತಂತ."

"ನಾನೂ ಕರಿ, ನಿಮ್ಮ ಮಗ ನನಗಿಂತ ಕರಿ. ಪಾಪದ ಗುಳಿಗಿ ಮ್ಯಾಲ ಯಾಕ ಅಪವಾದ ಹೊರಸ್ತೀರಿ ಅತ್ತಿ?" ಎಂದೆ.

ಅತ್ತೆ ನಕ್ಕರು, ಆದರೆ ಬಿಡಲಿಲ್ಲ. ಗುಳಿಗೆ ಬೇಡ ಎನ್ನುವವರೂ ಅವರಲ್ಲ. ಡಾಕ್ಟರು ಕೊಟ್ಟಿದ್ದನ್ನು ತಿನ್ನಲೇಬೇಕು, ಅದರ ಉಷ್ಣವನ್ನು ಮಾತ್ರ ಕೊಲ್ಲಬೇಕು. ಅವರ ಹತ್ತಿರ ಅದಕ್ಕೆ ಮದ್ದಿತ್ತು. ಹಿತ್ತಲಲ್ಲಿ ಒಂದು ಎಮ್ಮೆ. ಅದರ ಹಾಲನ್ನು ಓಣಿಯಲ್ಲಿ ನಾಲ್ಕಾರು ಮನೆಗೆ ದಿನವೂ ವರ್ತನೆ ಹಾಕುತ್ತಿದ್ದರು. ಒಂದು ಮನೆಗೆ "ನಾಳಿಂದ ನಿಮಗ ಹಾಲಿಲ್ರೀ, ಸೊಸಿ ಬಸುರದಾಳ" ಎಂದು ಹೇಳಿಬಂದರು. ಅವತ್ತಿನಿಂದ ಮಧ್ಯಾಹ್ನದ ಊಟವಾಗಿ ನಾನು ಗುಳಿಗೆ ಬಾಯಿಗೆ ಹಾಕಿಕೊಳ್ಳುವುದೇ ತಡ, ಹಿತ್ತಾಳೆ ತಂಬಿಗೆ ತುಂಬ ಹಾಲು ಹಿಡಿದು ಎದುರಿಗೆ ನಿಲ್ಲುತ್ತಿದ್ದರು. ಗಟ್ಟಿ ಹಾಲು, ಮೇಲೆ ಬೆರಳು ದಪ್ಪ ಕೆನೆ. ಉಷ್ಣಕ್ಕೆ ಹಾಲು, ಬಣ್ಣಕ್ಕೆ ಅದರೊಳಗೆ ಎರಡೆಳೆ ಕೇಸರಿ. ಒಂದೇ ತಂಬಿಗೆಯಲ್ಲಿ ಎರಡೂ ಆರೋಪಕ್ಕೆ ಜಾಮೀನು ಸಿಕ್ಕಿತ್ತು.

"ತಳ ಕಾಣೂತನ ಕುಡಿ" ಎನ್ನುತ್ತಿದ್ದರು. ಕುಡಿದ ಮೇಲೆ ತಂಬಿಗೆಯನ್ನು ಬೋರಲು ಮಾಡಿ ಪರೀಕ್ಷೆ ಮಾಡುತ್ತಿದ್ದರು. ನಾನು ಇಷ್ಟು ಮುದ್ದು ಮಾಡಿಸಿಕೊಂಡವಳೇ ಅಲ್ಲ. ಮೀಸೆಯಂತೆ ಅಂಟಿದ ಕೆನೆಯನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ಯಂತ್ರದ ಮುಂದೆ ಕೂರುತ್ತಿದ್ದೆ.

ಆರನೇ ತಿಂಗಳಲ್ಲಿ ರಕ್ತ ಪರೀಕ್ಷೆಗೆ ಹೋದೆವು. ನಾನು, ಅತ್ತೆ ಇಬ್ಬರೂ ಹಬ್ಬಕ್ಕೆ ಹೊರಟವರಂತೆ ಹೊರಟಿದ್ದೆವು. ಕೂಸಿನ ಎದೆ ಬಡಿತ ಕೇಳಿಸಿದರು. ಕುದುರೆ ಓಡಿದ ಸದ್ದಿನಂತಿತ್ತು. ಅತ್ತೆ ಎರಡೆರಡು ಸಲ ಕೇಳಿಸಿಕೊಂಡರು. ಆಮೇಲೆ ಡಾಕ್ಟರಮ್ಮ ರಕ್ತದ ವರದಿ ನೋಡಿ ನನ್ನ ಕಣ್ಣಿನ ಕೆಳರೆಪ್ಪೆ ಎಳೆದರು, ಉಗುರು ಒತ್ತಿ ನೋಡಿದರು.

"ಹಿಮೋಗ್ಲೋಬಿನ್ ಒಂಬತ್ತೂ ಇಲ್ಲವಲ್ಲಮ್ಮ. ಹೋದ ಸಲಕ್ಕಿಂತ ಇಳಿದಿದೆ. ಗುಳಿಗೆ ತಗೋತಿದ್ದೀಯೋ, ಕಾಲುವೆಗೆ ಎಸೀತಿದ್ದೀಯೋ?"

ನನಗೆ ಸಿಟ್ಟು ನೆತ್ತಿಗೇರಿತು. ಆರು ವರ್ಷ ಕಾದವಳು ನಾನು, ಗುಳಿಗೆ ಎಸೆಯುತ್ತೇನೆಯೇ? ಹಾಗೆಂದು ಜೋರಾಗಿಯೇ ಹೇಳಿದೆ. ಡಾಕ್ಟರಮ್ಮ ನನ್ನ ಸಿಟ್ಟನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ರಕ್ತ ಹೀಗೇ ಕಡಿಮೆ ಇದ್ದರೆ ಹೆರಿಗೆ ನಿನ್ನ ತವರು ಸಂಡೂರಿನಲ್ಲಿ ಆಗುವುದಿಲ್ಲ, ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು. ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೋಗಿಯೇ ಹೋಗುತ್ತದೆ, ನಿನ್ನ ಹತ್ತಿರ ಕಳೆದುಕೊಳ್ಳಲು ಇಲ್ಲ ಎಂದರು. ಕೂಸಿಗಾಗಿ ಹೆದರಿದೆ, ನನಗಾಗಿಯೂ ಹೆದರಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ಸಂಡೂರಿನಲ್ಲಿ ನನ್ನ ಅವ್ವ ಆಗಲೇ ಒಳಕೋಣೆಗೆ ಸುಣ್ಣ ಬಳಿಸಿ, ನಾನು ಮಲಗಿದ್ದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದಳು.

ಆಗ ಅತ್ತೆ ನನ್ನ ಪರವಾಗಿ ಎದ್ದು ನಿಂತರು.

"ಸುಳ್ಳಲ್ರೀ ಡಾಕ್ಟ್ರಮ್ಮಾರ. ದಿನಾ ನನ್ನ ಕಣ್ಮುಂದ ನುಂಗತಾಳ. ನುಂಗಿದ ಕೂಡಲೇ ನಾನ ಹಾಲು ಕೊಡ್ತೀನ್ರಿ. ನಮ್ಮ ಎಮ್ಮೀದು. ತಂಬಿಗಿ ತುಂಬ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಗುಳಿಗೆ ಜೊತೆಗೇ ಹಾಲಾ?"

"ಹೂನ್ರಿ. ನೀರು ಸೈತ ಹಾಕಂಗಿಲ್ರೀ" ಎಂದರು ಅತ್ತೆ, ಹೆಮ್ಮೆಯಿಂದ.

ಹಾಲು ಒಳ್ಳೆಯದೇ, ಆದರೆ ಈ ಗುಳಿಗೆಯ ಜೊತೆ ಹೊಟ್ಟೆಗೆ ಹೋದರೆ ಕಬ್ಬಿಣದ ಅಂಶವನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ, ಚಹಾದ್ದೂ ಅದೇ ಕಥೆ ಎಂದು ಡಾಕ್ಟರಮ್ಮ ವಿವರಿಸಿದರು. "ಗುಳಿಗೆ ನುಂಗಿದ್ದೇನೋ ನಿಜ, ಮೈಗೆ ಹತ್ತಬೇಕಲ್ಲ? ನೀರಿನ ಜೊತೆ ಕೊಡಿ, ನಿಂಬೆಹಣ್ಣು ಹಿಂಡಿದರೆ ಇನ್ನೂ ಒಳ್ಳೆಯದು. ಹಾಲು, ಚಹಾ ಎರಡು ತಾಸು ದೂರ ಇರಲಿ." ಮಾತಿನಲ್ಲಿ ಗದರಿಕೆ ಇರಲಿಲ್ಲ. ಆದರೆ ಅತ್ತೆಯ ಮುಖದಿಂದ ಬಣ್ಣ ಇಳಿದುಹೋಯಿತು. ನನ್ನ ಕೆಳರೆಪ್ಪೆಗಿಂತ ಬಿಳಿಚಿಕೊಂಡಿದ್ದರು.

ಮನೆಗೆ ಬರುವ ದಾರಿಯುದ್ದಕ್ಕೂ ಆಟೊದಲ್ಲಿ ಅವರು ಮುಖ ಹೊರಗೆ ತಿರುಗಿಸಿ ಕೂತಿದ್ದರು. ಗಂಡ ವಾತಾವರಣ ತಿಳಿಯಾಗಲೆಂದು, "ಅತಿ ಆದ್ರ ಅಮೃತಾನೂ ವಿಷ ಅಂತಾರಲ್ಲವ್ವಾ" ಎಂದು ಗಾದೆ ಬಿಟ್ಟರು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಹೌದಪ, ನಾ ವಿಷ ಹಾಕೀನಿ" ಎಂದು ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡರು. "ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ಇಷ್ಟು ದಿನ ಮಾಡಿದ್ದೆಲ್ಲ ಒಂದ ಮಾತಿನಾಗ ಮಣ್ಣು ಮಾಡಿದ್ರು."

ಸಂಜೆ ಅಪ್ಪನಿಗೆ ಫೋನು ಹಚ್ಚಿದೆ. ಅಪ್ಪ ಬಹಳ ವರ್ಷ ಗಣಿಯ ಅದಿರು ಲಾರಿ ಓಡಿಸಿದವರು. ನಮ್ಮ ತವರಿನಲ್ಲಿ ಒಗೆದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. "ಸಂಡೂರ ಮಣ್ಣಾಗ ಬೆಳದಾಕಿಗೆ ಕಬ್ಬಿಣ ಕಡಿಮಿ ಅಂದ್ರ ನಮ್ಮೂರ ಮರ್ಯಾದಿ ಏನಾಗಬೇಕವ್ವಾ?" ಎಂದು ನಗಿಸಲು ನೋಡಿದರು. ನಾನು ಬಳ್ಳಾರಿಯ ಮಾತು ತೆಗೆದೆ. ಹಿಂದಿನಿಂದ ಅವ್ವ, "ತೊಟ್ಟಿಲ ಕಟ್ಟಬ್ಯಾಡಂತೇನು?" ಎಂದು ಕೇಳಿದ್ದು ನನಗೂ ಕೇಳಿಸಿತು. ಫೋನಿಟ್ಟು ನಾನು ಅತ್ತುಬಿಟ್ಟೆ.

ಎರಡು ದಿನ ನಾನು ನೀರಿನ ಜೊತೆ ಗುಳಿಗೆ ನುಂಗುವಾಗ ಅತ್ತೆ ಹಿತ್ತಲಿಗೆ ಹೋಗಿ ಎಮ್ಮೆಯ ಜೊತೆ ಮಾತಾಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಅವರ ತಂಬಿಗೆ ಇಲ್ಲದೆ ಮಧ್ಯಾಹ್ನ ಬಿಕೋ ಎನ್ನಿಸುತ್ತಿತ್ತು.

ಮೂರನೇ ದಿನ ನಾನು ಯಂತ್ರ ತುಳಿಯುತ್ತಿದ್ದಾಗ ಅತ್ತೆ ದಿಢೀರನೆ ಬಂದು ಎದುರಿಗೆ ನಿಂತರು. ಕಣ್ಣು ಅರಳಿದ್ದವು.

"ಏ ಹುಡುಗಿ, ನಿಂಬೆಹಣ್ಣು ತಂಪಲ್ಲೇನ?"

"ತಂಪರಿ."

"ಮತ್ತ ಹಿತ್ತಾಳಿ ತಂಬಿಗಿ ಯಾತರಿಂದ ತಿಕ್ಕಿದ್ರ ಪಳಪಳ ಅಂತೈತಿ?"

"ನಿಂಬಿ ಸಿಪ್ಪಿಲೆ."

"ಹಂಗಾರ ಬಣ್ಣಕ್ಕೂ ಅದ ಆತು!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಉಷ್ಣಕ್ಕೆ ಉಷ್ಣ ಹೋಯಿತು, ಕಪ್ಪಿಗೆ ಕಪ್ಪು ಹೋಯಿತು, ಡಾಕ್ಟರಮ್ಮನ ಮಾತೂ ಉಳಿಯಿತು. ಹೊಟ್ಟೆಯೊಳಗಿನ ಕೂಸನ್ನು ಹಿತ್ತಾಳೆ ತಂಬಿಗೆಯಂತೆ ತಿಕ್ಕಿ ಹೊಳೆಸುವ ಅವರ ಯೋಜನೆ ಕೇಳಿ ನಾನು ನಕ್ಕು ನಕ್ಕು ಯಂತ್ರದ ಮೇಲೆ ತಲೆಯಿಟ್ಟೆ. ಹಾಲು ಬಿಡಿಸಿದ ಮನೆಗೆ ಅವರು ಅಂದೇ ಮತ್ತೆ ವರ್ತನೆ ಶುರು ಮಾಡಲಿಲ್ಲ ಎಂಬುದನ್ನು ಮಾತ್ರ ಗಮನಿಸಿದೆ. ಆ ಹಾಲನ್ನು ಹೆಪ್ಪು ಹಾಕಿ, ಬೆಣ್ಣೆ ತೆಗೆದು, ಕಾಸಿ ಡಬ್ಬಿಯಲ್ಲಿ ತುಂಬಿಡತೊಡಗಿದರು. "ಬಾಣಂತಿಗೆ ತುಪ್ಪ ಬೇಕಾಗತೈತಿ" ಎಂದರು.

ಆಮೇಲೆ ನಮ್ಮ ಮನೆಯಲ್ಲಿ ನಿಂಬೆಹಣ್ಣಿನ ರಾಜ್ಯ ನಡೆಯಿತು. ಗಂಡ ಹಂಪಿಯಲ್ಲಿ ಸೋಡಾ ಗಾಡಿಯವನ ಹತ್ತಿರ ಕೊಂಡು ತರುತ್ತಿದ್ದರು. ಕಂಪ್ಲಿ ಕಡೆ ಬಾಡಿಗೆ ಸಿಕ್ಕರೆ ಸಂತೆಯಿಂದ ಚೀಲ ಹೊತ್ತು ತರುತ್ತಿದ್ದರು. ಊಟವಾಗಿ ಒಂದು ತಾಸಿಗೆ ಗುಳಿಗೆ, ಅದರ ಹಿಂದೆಯೇ ನಿಂಬೆನೀರು, ಮೊದಲ ದಿನ ಅದೇ ಹಿತ್ತಾಳೆ ತಂಬಿಗೆಯಲ್ಲಿ. ಹಿತ್ತಾಳೆಯಲ್ಲಿ ಹುಳಿ ಇಡಬಾರದೆಂದು ಮಾರನೇ ದಿನದಿಂದ ಸ್ಟೀಲ್ ತಂಬಿಗೆ ಬಂತು. ಆಮೇಲೆ ಎರಡು ತಾಸು ಅತ್ತೆ ಗೋಡೆ ಗಡಿಯಾರದ ಕೆಳಗೆ ಪೊಲೀಸಿನವರಂತೆ ಕೂರುತ್ತಿದ್ದರು. ಮನೆಗೆ ಬಂದವರಿಗೆ ಚಹಾ ಬಂದ್. "ಚಾ ವಾಸನಿಗೆ ಆಕೀಗೂ ಬೇಕನಿಸತೈತಿ, ಹೊರಗ ಕುಡದು ಬಾ" ಎಂದು ಮಗನನ್ನೂ ಆಟೊ ಸ್ಟ್ಯಾಂಡಿಗೆ ಓಡಿಸಿದರು. ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು, ಶೇಂಗಾ ಬೆಲ್ಲ ಎಂದು ದಿನಕ್ಕೊಂದು ನಡೆಯಿತು. ದವಾಖಾನೆಯವರೇ ಕೊಟ್ಟಿದ್ದ ಬಿಳಿ ಕ್ಯಾಲ್ಸಿಯಂ ಗುಳಿಗೆಯನ್ನು ಬೆಳಿಗ್ಗೆಗೆ ತಳ್ಳಿ, ಕೆಂಪಿಗೂ ಬಿಳಿಗೂ ಸವತಿ ಸಂಬಂಧ, ಜೊತೆ ಕೂಡಿಸಬಾರದು ಎಂದು ತಾವೇ ನೆನಪಿಟ್ಟುಕೊಳ್ಳಲು ದಾರಿ ಮಾಡಿಕೊಂಡರು.

ಒಂದೇ ತೊಂದರೆ ಎಂದರೆ ಹಿಂಡಿದ ಸಿಪ್ಪೆ. ಅತ್ತೆ ಅದರಿಂದ ಮೊದಲು ಪಾತ್ರೆ ತಿಕ್ಕಿ, ಆಮೇಲೆ ಹೊಸ್ತಿಲು ತಿಕ್ಕಿ, ಉಳಿದದ್ದನ್ನು ಬಾಗಿಲ ಪಕ್ಕ ಗುಡ್ಡೆ ಹಾಕುತ್ತಿದ್ದರು. ಹೊಸ್ತಿಲಿಗೆ ಅರಿಸಿನ ಕುಂಕುಮ ಇದ್ದೇ ಇರುತ್ತದೆ. ಅದರ ಪಕ್ಕ ದಿನಾ ಹೋಳು ಮಾಡಿದ ನಿಂಬೆಹಣ್ಣು ಬಿದ್ದಿದ್ದರೆ ನಮ್ಮ ಕಡೆಯ ಜನ ಏನು ತಿಳಿಯುತ್ತಾರೆ? ರವಿಕೆ ಹೊಲಿಯಲು ಕೊಟ್ಟವರು ಬಾಗಿಲಿಗೆ ಬರದೆ ದೂರದಿಂದಲೇ ಕೂಗತೊಡಗಿದರು. ನನಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಒಂಬತ್ತನೇ ತಿಂಗಳಿಗೆ ಅವ್ವ ಬಂದಾಗ. ಕುಬಸ ಮಾಡಲು ಹಸಿರು ಸೀರೆ, ಬುಟ್ಟಿ ತುಂಬ ಕರ್ಚಿಕಾಯಿ, ಹೋಳಿಗೆ ಹೊತ್ತು ಹಿಂದಿನ ದಿನವೇ ಬಂದಿದ್ದಳು. ಓಣಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ಅವಳನ್ನು ಹಿಡಿದು ನಿಲ್ಲಿಸಿ, "ನಿಮ್ಮ ಮಗಳ ಮನಿ ಮುಂದ ಯಾರೋ ಮಾಟ ಮಾಡಿಸ್ಯಾರ್ರೀ, ದಿನಾ ನಿಂಬೆಹಣ್ಣು ಕೊಯ್ದು ಒಗೀತಾರ" ಎಂದು ಕಿವಿಯಲ್ಲಿ ಊದಿದ್ದಳು. ಅವ್ವ ಬಾಗಿಲಿಗೆ ಬಂದವಳು ಗುಡ್ಡೆ ನೋಡಿ, ಒಳಗೂ ಬರದೆ ಹೊರಗೂ ಹೋಗದೆ ಬುಟ್ಟಿ ಹೊತ್ತೇ ನಿಂತಳು.

"ಅಯ್ಯ, ಮಾಟ ನಂದ ರೀ ಬೀಗರ, ಒಳಗ ಬರ್ರಿ!" ಎಂದರು ಅತ್ತೆ.

ಅವ್ವನಿಗೆ ಎದೆ ಒಡೆಯುವುದೊಂದು ಬಾಕಿ. ನಾನು ಓಡಿಹೋಗಿ ಬುಟ್ಟಿ ಇಳಿಸಿ, ನೆಲಕ್ಕೆ ಕೂರಿಸಿ ಎಲ್ಲ ಹೇಳಿದೆ. ಅತ್ತೆ ಅವಳಿಗೂ ಒಂದು ಲೋಟ ನಿಂಬೆ ಶರಬತ್ತು ಕೊಟ್ಟರು. ಅವ್ವ ಎರಡು ಸಲ ಲೋಟದೊಳಗೆ ಇಣುಕಿ ನೋಡಿ ಕುಡಿದಳು. ಆಮೇಲೆ ಇಬ್ಬರು ಬೀಗರೂ ಬಿದ್ದು ಬಿದ್ದು ನಕ್ಕರು.

ಅವತ್ತೇ ಮಧ್ಯಾಹ್ನ ನನ್ನ ರಕ್ತದ ವರದಿ ಬರುವುದಿತ್ತು. ಮೂವರೂ ಹೋದೆವು. ದವಾಖಾನೆಯ ಬೆಂಚಿನ ಮೇಲೆ ನನ್ನ ಒಂದು ಕೈ ಅವ್ವನ ಹತ್ತಿರ, ಒಂದು ಕೈ ಅತ್ತೆಯ ಹತ್ತಿರ ಇತ್ತು. ಒಳಗೆ ಕರೆದಾಗ ಇಬ್ಬರ ಕೈಯನ್ನೂ ಬಿಡದೆ ಎದ್ದೆ. ಸಂಡೂರೋ ಬಳ್ಳಾರಿಯೋ ಎಂಬುದು ಆ ಕಾಗದದ ಮೇಲಿತ್ತು. ಡಾಕ್ಟರಮ್ಮ ಓದಿದರು, ರೆಪ್ಪೆ ಎಳೆದು ನೋಡಿದರು, ನಕ್ಕರು.

"ಹನ್ನೊಂದು ದಾಟಿದೆ. ಗುಳಿಗೆ ಬಿಡಬೇಡ. ತವರಿಗೆ ಹೋಗಮ್ಮ, ಸಂಡೂರಿನಲ್ಲೇ ಹಡಿ."

ಹಾಲು ಕುಡಿದಷ್ಟು ಸಂತೋಷವಾಯಿತು ಎನ್ನಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ತಡೆದುಕೊಂಡೆ. ಅವ್ವ ಅಲ್ಲೇ ಅಪ್ಪನಿಗೆ ಫೋನು ಹಚ್ಚಿ, ದವಾಖಾನೆ ಹಾರಿಹೋಗುವಂತೆ, "ತೊಟ್ಟಿಲ ಕಟ್ಟ್ರೀ!" ಎಂದು ಕೂಗಿದಳು.

ಮಾರನೇ ದಿನ ಕುಬಸ. ನನ್ನ ಹಸಿರು ರವಿಕೆಯನ್ನು ನಾನೇ ಹೊಲಿದಿದ್ದೆ, ಪಕ್ಕದಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟು. ಮುತ್ತೈದೆಯರು ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನ ಕೊಂಬು ಹಾಕಿದರು. ಕೊನೆಗೆ ಅತ್ತೆ ಬಂದು ಕೆಂಪು ಗುಳಿಗೆಯ ಹಾಳೆಗಳನ್ನು ಉಡಿಗಿಟ್ಟು, ಅವುಗಳ ಮೇಲೆ ಎರಡು ನಿಂಬೆಹಣ್ಣು ಇಟ್ಟರು. ಉಡಿಯಲ್ಲಿ ನಿಂಬೆಹಣ್ಣೇ ಎಂದು ಹೆಂಗಸರು ಗುಸುಗುಸು ಎಂದರು. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಎಲ್ಲರ ಎದುರಿಗೇ ಅವ್ವನಿಗೆ ಹೇಳಿದರು:

"ಬೀಗರ, ಗುಳಿಗಿ ಜೊತಿ ಹಾಲು ಕೊಡಬ್ಯಾಡ್ರೀ. ನಾ ಕೊಟ್ಟು ತಪ್ಪು ಮಾಡಿದ್ದೆ. ಎರಡು ತಾಸು ಬಿಡ್ರಿ."

ತವರಿಗೆ ಹೊರಟ ಬಸ್ಸಿನಲ್ಲಿ ಸಂಡೂರಿನ ಗುಡ್ಡಗಳು ಕಾಣುವವರೆಗೂ ನನ್ನ ಕಿವಿಯಲ್ಲಿ ಆ ಮಾತೇ ಇತ್ತು.

ಸಂಡೂರಿನ ದವಾಖಾನೆಯಲ್ಲಿ ಒಂದು ಬೆಳಗಿನ ಜಾವ ಮಗಳು ಹುಟ್ಟಿದಳು. ಹುಟ್ಟಿದ್ದೇ ಕಟ್ಟಡ ಕಿತ್ತುಹೋಗುವಂತೆ ಅತ್ತಳು. ಸುಮ್ಮನಿರಲು ಬಾರದ ಗುಣ ನನ್ನದೇ. ರಕ್ತ ಹೋಯಿತು, ಆದರೆ ಕಳೆದುಕೊಳ್ಳಲು ನನ್ನ ಹತ್ತಿರ ಇತ್ತು.

ಬಿಸಿಲೇರುವಷ್ಟರಲ್ಲಿ ಅತ್ತೆ ಬಂದರು. ಅದಿರು ಲಾರಿಗಳ ಹಿಂದೆ ಬಸ್ಸಿನಲ್ಲಿ ಬಂದಿದ್ದರಿಂದ ಸೆರಗು, ಹುಬ್ಬು ಎಲ್ಲ ಕೆಂಧೂಳು. ಒಂದು ಕೈಯಲ್ಲಿ ತುಪ್ಪದ ಡಬ್ಬಿ, ಇನ್ನೊಂದರಲ್ಲಿ ಫ್ಲಾಸ್ಕು. ಬಗಲಿನ ಚೀಲದಲ್ಲಿ ಹಿತ್ತಾಳೆ ತಂಬಿಗೆ, ತಿಕ್ಕಿ ಬಂಗಾರ ಮಾಡಿದ್ದು. ಎಮ್ಮೆಯ ಹಾಲು ಕರೆದು, ಕಾಸಿಕೊಂಡೇ ಬಸ್ಸು ಹತ್ತಿದ್ದರು. ಕೂಸನ್ನೂ ನೋಡದೆ ಮೊದಲು ನರ್ಸಮ್ಮನನ್ನು ಕೇಳಿದರು.

"ಇನ್ನ ಹಾಲು ಕೊಡಬಹುದಲ್ರೀ?"

"ಕೊಡಿ ಅಜ್ಜಿ. ಆದರೆ ಈಗಷ್ಟೇ ಐರನ್ ಗುಳಿಗೆ ತಗೊಂಡಿದ್ದಾಳೆ. ಹೆರಿಗೆಯಾದ ಮೇಲೂ ಆರು ತಿಂಗಳು ಇರುತ್ತೆ. ಸ್ವಲ್ಪ ಹೊತ್ತು ಬಿಡಿ."

ಅತ್ತೆ ಫ್ಲಾಸ್ಕನ್ನು ಮಂಚದ ಕೆಳಗಿಟ್ಟು, ಗೋಡೆಯ ಗಡಿಯಾರಕ್ಕೆ ಎದುರಾಗಿ ಕುರ್ಚಿ ಎಳೆದುಕೊಂಡರು. ಅವ್ವ ಅವರ ಮಡಿಲಿಗೆ ಕೂಸು ಕೊಟ್ಟಳು. ಅತ್ತೆ ಬಟ್ಟೆ ಸರಿಸಿ ಮುಖ ನೋಡಿದರು, ಕಿವಿ ತಿರುಗಿಸಿ ನೋಡಿದರು, ಅಂಗಾಲು ನೋಡಿದರು.

"ಕರಗ ಐತಿ" ಎಂದರು. ಇಷ್ಟು ಹಾಲು, ಇಷ್ಟು ನಿಂಬೆಹಣ್ಣು ನೀರಿನಲ್ಲಿ ಹೋಮವಾಯಿತು ಎನ್ನುತ್ತಾರೆಂದು ನಾನು ಕಾದೆ. ಅತ್ತೆಯ ಮುಖ ತುಂಬ ನಗು. "ನಮ್ಮ ಎಮ್ಮಿ ಕರುವಿನಂಗ, ಮಿರಿಮಿರಿ!"

ಆಮೇಲೆ ಅವರು ಗಡಿಯಾರದ ಕಡೆ ತಲೆ ಎತ್ತಲೇ ಇಲ್ಲ. ಹೊತ್ತು ನೋಡುತ್ತಿದ್ದವಳು ನಾನು.

"ಅತ್ತಿ, ಎರಡು ತಾಸಾತ್ರೀ" ಎಂದೆ.

ಅತ್ತೆ ಕೂಸನ್ನು ಅವ್ವನಿಗೆ ದಾಟಿಸಿ, ತಂಬಿಗೆಗೆ ಹಾಲು ಬಗ್ಗಿಸಿದರು. ಇನ್ನೂ ಹಬೆಯಾಡುತ್ತಿತ್ತು. ಕೇಸರಿ ಇರಲಿಲ್ಲ. ನಾನು ತಳ ಕಾಣುವವರೆಗೂ ಕುಡಿದೆ. ಅತ್ತೆ ತಂಬಿಗೆ ಬೋರಲು ಮಾಡಿ ನೋಡಿ, ಕೆಂಧೂಳಿನ ಸೆರಗಿನಿಂದಲೇ ನನ್ನ ಬಾಯಿ ಒರೆಸಿದರು.

"ಈಗ ಮೈಗೆ ಹತ್ತತೈತಿ" ಎಂದರು.